ಕತಿ ಹೇಳಾಂವ

ರಾಕ್ಷಸ ಸತ್ತ. ಯಾರಿಗೂ ಏನೂ ಅನಿಸಲಿಲ್ಲ.

ಏಜಾಜ ಮೊಬೈಲ್ ನೋಡಿದ. ಹೀರಾಬಾಯಿ ಕಾಲು ಚಾಚಿ ಮೊಣಕಾಲು ತಿಕ್ಕಿಕೊಂಡಳು. ಭಾಗ್ಯಜ್ಯೋತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ರಾಕ್ಷಸ ಸತ್ತದ್ದು ತಾನು ಅರೆದುಕೊಟ್ಟ ವಿಷದಿಂದ ಎಂಬುದೇ ಅವಳಿಗೆ ನೆನಪಿದ್ದಂತಿರಲಿಲ್ಲ.

ಶಿವಪ್ರಕಾಶ ಗಂಟಲು ಸರಿಮಾಡಿಕೊಂಡ. ಕತೆ ಹೇಳುವಾಗ ಅವನದು ಪುಸ್ತಕದ ಭಾಷೆ. "ಅವನ ಉಸಿರು ನಿಂತದ್ದೇ ತಡ, ಗುಹೆಯ ದೀಪಗಳು ಒಂದೊಂದಾಗಿ ಆರಿಹೋದವು."

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಈ ಒಂದು ವಾಕ್ಯವನ್ನು ಅವನು ವಾರವಿಡೀ ತಿದ್ದಿದ್ದ.

"ಛಲೋ ಆತು ಬಿಡು," ಎಂದಳು ಅವನ ತಾಯಿ ಹೀರಾಬಾಯಿ. "ಭಾಗ್ಯಾ, ಗ್ಯಾಸ್ ಬಂದ್ ಮಾಡೀಯೇನ?"

ಅಫಜಲಪುರದ ಡಿಗ್ರಿ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವ ಶಿವಪ್ರಕಾಶ ಈ ಆಟ ಕಲಿತದ್ದು ಹೈದರಾಬಾದಿನ ಹಾಸ್ಟೆಲಿನಲ್ಲಿ. ಒಬ್ಬ ಕತೆ ಹೇಳುತ್ತಾನೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ತಮಗೆ ಬೇಕಾದ್ದನ್ನು ಮಾಡಹೊರಡುತ್ತಾರೆ. ಮಾಡಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಲಾಕ್‌ಡೌನಿನಲ್ಲಿ ಗಂಡ, ಹೆಂಡತಿ, ತಾಯಿ ಮೂವರೂ ಒಂದೊಂದು ಕೋಣೆ ಹಿಡಿದು ಸುಮ್ಮನಾಗಿದ್ದಾಗ ಅವನು ಹಳೆಯ ಟ್ರಂಕಿನಿಂದ ದಾಳ ತೆಗೆದಿದ್ದ. ಎದುರುಮನೆಯ ಏಜಾಜ, ಮೆಡಿಕಲ್ ಅಂಗಡಿಯವ, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಬಂದು ಕೂತ. ಅಂದಿನಿಂದ ಐತವಾರದ ಊಟ ಮುಗಿದ ಮೇಲೆ ಆಟ ತಪ್ಪಿದ್ದಿಲ್ಲ.

ಏಜಾಜ ಬಿಲ್ಲುಗಾರ ಶೇರ್‌ದಿಲ್. ಹೆಂಡತಿ ಭಾಗ್ಯಜ್ಯೋತಿ ಬೇರು ನಾರು ಅರೆಯುವ ವೈದ್ಯಗಾರ್ತಿ ಅವಂತಿ. ಹೀರಾಬಾಯಿ ಗದೆ ಹಿಡಿದ ರಾಣಿ. ಹೆಸರು ಬದಲಿಸಲು ಮಾತ್ರ ಆಕೆ ಒಪ್ಪಲಿಲ್ಲ. "ಈ ಹೆಸರಿನ್ಯಾಗ ಏನ್ ಕಡಿಮಿ ಆಗ್ಯಾದ?" ಗಂಡ ಇರುವತನಕ ದನಿ ಎತ್ತದಿದ್ದ ಆಕೆ ಮೊದಲ ದಿನವೇ ಒಬ್ಬ ದಂಡನಾಯಕನ ಹಲ್ಲು ಉದುರಿಸಿದಳು.

ಉಳಿದವರೆಲ್ಲ ಶಿವಪ್ರಕಾಶನೇ. ರಾಜ, ಕಳ್ಳ, ಕುದುರೆ ವ್ಯಾಪಾರಿ, ಮಾತಾಡುವ ಗೂಬೆ. ಒಬ್ಬೊಬ್ಬರಿಗೆ ಒಂದೊಂದು ದನಿ. ಮೂಕವಾಗಿದ್ದ ಮನೆಗೆ ತಾನು ಬಾಯಿ ಕೊಟ್ಟೆ ಎಂಬ ಹೆಮ್ಮೆ ಅವನಿಗಿತ್ತು. ಈಚೆಗೆ ಅದೂ ದಣಿದಿತ್ತು. ಮೊನ್ನೆ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಗೂಬೆಯ ದನಿ ಬಂದುಬಿಟ್ಟಿತ್ತು. ಹುಡುಗರು ನಗಲಿಲ್ಲ. ಯಾರೂ ಕೇಳಿಸಿಕೊಂಡೇ ಇರಲಿಲ್ಲ.

"ಗುಹೆ ದಾಟಿದರೆ ಹೊಳೆ," ಎಂದು ಮುಂದುವರಿಸಿದ. "ಮೊಣಕಾಲುಮಟ್ಟ ನೀರು. ದಂಡೆಯ ಮೇಲೆ ದೋಣಿಯವ ಒಬ್ಬ ಕೂತಿದ್ದಾನೆ."

"ಮೊಣಕಾಲಮಟ ನೀರಿಗಿ ದೋಣಿ ಯಾಕ್ರಿ ಸರ್?" ಎಂದ ಏಜಾಜ.

"ಕತಿ ಅದು. ಇರಲಿ ಬಿಡು."

"ದೋಣಿಯವನ ಜೋಡಿ ನಾ ಮಾತಾಡ್ತೇನಿ," ಎಂದಳು ಭಾಗ್ಯಜ್ಯೋತಿ. ಅವತ್ತು ಅವಳಾಗಿ ಬಾಯಿ ಬಿಟ್ಟದ್ದು ಅದೇ ಮೊದಲು. "ನಾ ಒಬ್ಬಾಕಿನೇ. ಇವರು ದೂರ ನಿಂತಾರ."

ಶಿವಪ್ರಕಾಶ ಚುರುಕಾದ. ದೋಣಿಯವನಿಗೆ ಒಂದು ಗೊಗ್ಗರು ದನಿ ಹುಡುಕಿಕೊಂಡ. "ಯಾರವ್ವಾ ನೀ? ಎಲ್ಲಿಗಿ ಹೊಂಟೀದಿ?"

"ಆ ದಂಡಿಗಿ."

"ಜೋಡಿದವರು?"

"ಅವರು ಬರಂಗಿಲ್ಲ. ಅವರಿಗಿ ನಾ ಇನ್ನಾ ಹೇಳಿಲ್ಲ."

"ಯಾಕ ಹೇಳಿಲ್ಲ?"

ಅವಳು ಮೊದಲ ಬಾರಿ ಅವನ ಮುಖ ನೋಡಿದಳು. "ಹೇಳಿದ್ರ ಅದನ್ನೂ ಒಂದು ಕತಿ ಮಾಡ್ತಾರ."

ಏಜಾಜ ನಕ್ಕ. ನಕ್ಕು ಅರ್ಧಕ್ಕೇ ನಿಲ್ಲಿಸಿದ.

"ಆ ದಂಡಿಗಿ ಏನದವ್ವಾ ನಿನಗ?" ದೋಣಿಯವನ ದನಿ ಸ್ವಲ್ಪ ತೆಳ್ಳಗಾಗಿತ್ತು.

"ಒಂದು ಊರದ. ಅಲ್ಲಿ ಹುಡುಗುರಿಗಿ ಕಲಿಸೋ ಕೆಲಸ ಸಿಕ್ಕದ. ಇರಾಕ ಒಂದು ಖೋಲಿನೂ ನೋಡೇನಿ."

ಅವಂತಿ ವೈದ್ಯಗಾರ್ತಿ. ಹುಡುಗರಿಗೆ ಕಲಿಸುವವಳು ಭಾಗ್ಯಜ್ಯೋತಿ, ಮಣ್ಣೂರ ಹೈಸ್ಕೂಲಿನಲ್ಲಿ. ಇದನ್ನು ತಿದ್ದಬೇಕು ಎನಿಸಿತು ಶಿವಪ್ರಕಾಶನಿಗೆ, ತಪ್ಪು ಉತ್ತರ ಹೇಳಿದ ವಿದ್ಯಾರ್ಥಿಯನ್ನು ತಿದ್ದಿದ ಹಾಗೆ. "ನೀ ಔಷಧ ಕೊಡಾಕಿ ಅಲ್ಲೇನು?"

"ಹೌದಲ್ಲ," ಎಂದಳು.

ಹೀರಾಬಾಯಿ ತನ್ನ ಮೊಣಕಾಲನ್ನೇ ನೋಡುತ್ತಿದ್ದಳು. ತಿಕ್ಕುವ ಕೈ ನಿಂತಿತ್ತು.

"ಭಾಬಿ, ದಾಳ ಹಾಕ್ರಿ," ಎಂದ ಏಜಾಜ ಅವಸರದಿಂದ. "ಮುಂದ ಹೋಗೂನು."

ಇದು ಆಟದ ಮಾತಲ್ಲ ಎಂದು ಶಿವಪ್ರಕಾಶನಿಗೆ ಹೊಳೆಯಿತು. ಆದರೂ ಕೈ ಆಟದ ಲೆಕ್ಕವನ್ನೇ ಹಿಡಿಯಿತು. "ದೋಣಿಯವ ಒಪ್ಪಬೇಕಂದ್ರ ಕಡಿಮಿ ಅಂದ್ರೂ ಹದಿನೆಂಟು ಬೀಳಬೇಕು," ಎಂದ. ಅಷ್ಟು ಬೇಕಿರಲಿಲ್ಲ. ಹತ್ತು ಬಿದ್ದರೂ ಸಾಕಿತ್ತು.

ಅವಳು ದಾಳ ಹಾಕಿದಳು. ನಾಲ್ಕು ಬಿತ್ತು.

"ದೋಣಿ ಹೊರಡುವುದಿಲ್ಲ," ಎಂದ. ದನಿಯಲ್ಲಿದ್ದ ನೆಮ್ಮದಿ ಅವನಿಗೇ ಅಸಹ್ಯವಾಯಿತು.

"ಹಂಗಾರ ನಡಕೋತ ಹೋಗ್ತೇನಿ," ಎಂದಳು ಭಾಗ್ಯಜ್ಯೋತಿ. "ನೀರು ಮೊಣಕಾಲಮಟ ಅದಂತ ನೀವೇ ಹೇಳೀರಿ."

ಎದ್ದಳು. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಅಡಿಗೆಮನೆಗೆ ನಡೆದಳು. ಅವಂತಿ ಹೊಳೆ ದಾಟಿದಳೋ ಇಲ್ಲವೋ ಯಾರೂ ಕೇಳಲಿಲ್ಲ.

ಗೇಟಿನ ಬಳಿ ಏಜಾಜ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. "ಮುಂದಿನ ಐತವಾರ ನನಗ ಆಗಂಗಿಲ್ರಿ ಸರ್. ಆಳಂದಕ್ಕ ಹೋಗೋದದ. ಮಾವನ ಮನಿ."

"ನಿನಗ ಗೊತ್ತಿತ್ತೇನು?"

"ಏನ್ರಿ?"

"ಏನಿಲ್ಲ."

"ಹೌದ್ರಿ," ಎಂದು ಏಜಾಜ ಹೋದ. ಯಾವುದಕ್ಕೆ ಹೌದು ಎಂದನೋ ಗೊತ್ತಾಗಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ಶಿವಪ್ರಕಾಶ ನಿಂತ. ನಲ್ಲಿ ಬಿಟ್ಟುಕೊಂಡು ಅವಳು ತಟ್ಟೆ ತೊಳೆಯುತ್ತಿದ್ದಳು.

"ಯಾವ ಊರು?"

"ಯಡ್ರಾಮಿ."

"ಟ್ರಾನ್ಸ್‌ಫರ್?"

"ಕೇಳಿ ತಗೊಂಡೇನಿ. ಕೌನ್ಸೆಲಿಂಗಿಗಿ ಕಲಬುರ್ಗಿಗಿ ಹೋಗಿದ್ದೆ. ಅವತ್ತು ಎಲ್ಲಿಗಿ ಹೋಗಿದ್ದಿ ಅಂತ ನೀವು ಕೇಳಲಿಲ್ಲ."

ಕೇಳಿರಲಿಲ್ಲ. ಅವತ್ತು ಅವನು ರಾಕ್ಷಸನಿಗೆ ಒಂದು ಬಾಲ್ಯ ಕಟ್ಟುತ್ತಿದ್ದ. ಅನಾಥ, ಯಾರೂ ಮಾತಾಡಿಸದ ಮಗು, ಹಾಗಾಗಿ ಕ್ರೂರಿ. ಅದನ್ನು ಹೇಳುವ ಸಂದರ್ಭ ಆಟದಲ್ಲಿ ಬರಲೇ ಇಲ್ಲ.

"ಅವ್ವಗ ಗೊತ್ತದೇನು?"

"ಹೋಗು ಅಂದಾವ್ರು ಅವರೇ."

ಪಡಸಾಲೆಯಲ್ಲಿ ಟಿವಿ ಹಚ್ಚಿದ ಸದ್ದು. ಹೀರಾಬಾಯಿ ಅದರ ದನಿ ದೊಡ್ಡದು ಮಾಡಿದಳು.

ಏನಾದರೂ ಹೇಳಬೇಕಿತ್ತು. ಇರು ಎನ್ನಬಹುದಿತ್ತು. ಸಿಟ್ಟು ಮಾಡಬಹುದಿತ್ತು. "ನೋಡು ಭಾಗ್ಯಾ," ಎಂದು ಶುರುಮಾಡಿದ. ಬಂದದ್ದು ಗಡಿ ಕಳೆದುಕೊಂಡ ರಾಜನ ದನಿ, ನಿಧಾನ, ಭಾರ. ನಿಲ್ಲಿಸಿದ. "ಹಂಗಲ್ಲ, ನಾ ಏನ್ ಹೇಳಾಕತ್ತೇನಿ ಅಂದ್ರ..." ಇದು ಕುದುರೆ ವ್ಯಾಪಾರಿಯದು. ಬೆಲೆ ಇಳಿಸುವಾಗ ಅವನು ಹೀಗೇ ಎಳೆಯುತ್ತಿದ್ದ.

ಭಾಗ್ಯಜ್ಯೋತಿ ನಲ್ಲಿ ನಿಲ್ಲಿಸಿ ತಿರುಗಿದಳು. ಹಂಗಿಸುವ ಮುಖವಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ಈಗ ಮಾತಾಡಾಕತ್ತಾವ್ರು ಯಾರ್ರಿ?"

ಅವನು ಹುಡುಕಿದ. ಒಳಗೆ ಬಹಳ ಜನ ಇದ್ದರು. ಎಲ್ಲರೂ ಅವನು ಕರೆಯಲಿ ಎಂದು ಕಾಯುತ್ತಿದ್ದರು.

ಅವಳು ಸೆರಗಿಗೆ ಕೈ ಒರೆಸಿಕೊಂಡು, "ಚಹಾಕ್ಕ ಹಾಲಿಲ್ಲ," ಎಂದಳು.

ಹಾಲು ತರಲು ಹೊರಟವನು ಹಾಲಿನ ಅಂಗಡಿ ದಾಟಿ ನಡೆದುಬಿಟ್ಟ. ಬಿಸಿಲು ಇನ್ನೂ ಇಳಿದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಮುಂದೆ ಊರಿನ ಬೋರ್ಡಿಲ್ಲ. ಒಳಗೆ ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ಮಾತ್ರ. ಕಿಟಕಿಯಿಂದ ತಲೆ ಹಾಕಿ ಅವನನ್ನೇ ಕೇಳಿದಳು:

"ಯಪ್ಪಾ, ಇದು ಎಲ್ಲಿಗಿ ಹೋಗತದ?"

ಗೊತ್ತಿಲ್ಲ ಎನ್ನುವುದು ಸುಲಭವಿತ್ತು.

"ಗಾಣಗಾಪುರಕ್ಕ," ಎಂದ. ದನಿ ತುಂಬಿತ್ತು, ನಂಬುವಂತಿತ್ತು. ಯಾರದೆಂದು ಅವನಿಗೆ ತಿಳಿಯಲಿಲ್ಲ.

"ಬರ್ರೆವ್ವಾ, ಗಾಣಗಾಪುರದ್ದಂತ!" ಮುದುಕಿ ನೆರಳಿನಲ್ಲಿ ಕೂತವರನ್ನು ಕೂಗಿದಳು. ಹೆಂಗಸರು ಗಂಟು ಎತ್ತಿಕೊಂಡು ಓಡಿಬಂದರು. ದತ್ತನ ದರ್ಶನಕ್ಕೆ ಹೊರಟ ಒಂದು ಮರಾಠಿ ಕುಟುಂಬ ಹತ್ತಿತು. ಹತ್ತಬೇಡಿ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಒಬ್ಬ ತನ್ನ ಚೀಲವನ್ನು ಅವನ ಕೈಗಿಟ್ಟು, "ಸ್ವಲ್ಪ ಹಿಡೀರಿ ಸಾಹೇಬ್ರ," ಎಂದು ಹತ್ತಿದ. ಶಿವಪ್ರಕಾಶ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟ.

ಸೀಟುಗಳು ತುಂಬಿದವು. ನಿಂತುಕೊಂಡವರು ಕಂಬಿ ಹಿಡಿದರು. ಯಾರೋ ಊದಿನಕಡ್ಡಿ ಹಚ್ಚಿದರು. ಎಲ್ಲರೂ ಮುಂದೆ ನೋಡತೊಡಗಿದರು.

ಡ್ರೈವರನ ಸೀಟು ಖಾಲಿಯಿತ್ತು. ಅದರ ಮುಂದೆ ಸ್ಟೇರಿಂಗ್ ಒಂದೇ ಸಮ ನಡುಗುತ್ತಿತ್ತು.