ಎಂಪ್ಟಿ ಎಂಬ ಪದವೂ ಹಂಪಮ್ಮನ ಡಬ್ಬಿಯೂ

ನಾನು ಒಂದು ಪುಟ್ಟ ನಿಘಂಟು. ಚೀನೀ ಮಾತನಾಡುವವರಿಗೆ ಇಂಗ್ಲಿಷಿನ ಗುಣವಾಚಕಗಳನ್ನು ಕಲಿಸಲೆಂದೇ ಹುಟ್ಟಿದವನು. ಸಮುದ್ರದ ದಂಡೆಯ ಊರೊಂದರ ಅಚ್ಚುಕೂಟದಲ್ಲಿ ನನ್ನ ಹಾಳೆಗಳಿಗೆ ಮಸಿ ತಾಗಿತು. ಪ್ರತಿ ಪದಕ್ಕೂ ಅರ್ಥ, ಬಳಕೆ, ಕೊನೆಗೆ ಕಲಿಯುವವರು ಮಾಡುವ ತಪ್ಪು, ಅದರ ಮೇಲೊಂದು ಕೆಂಪು ಗೀಟು. ಹುಟ್ಟಿದಾಗಿನಿಂದ ತಪ್ಪನ್ನೇ ಹುಡುಕುವವನಿಗೆ ಯಾರ ಮೇಲೆ ತಾನೇ ನಂಬಿಕೆ ಬಂದೀತು? ನನಗಂತೂ ಬರಲಿಲ್ಲ.

ನನ್ನನ್ನು ಕೊಂಡವಳು ಯಾಲಿಂಗ್, ಯಂತ್ರ ಜೋಡಿಸುವ ಇಂಜಿನಿಯರ್. ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಅವಳನ್ನು ಕಳಿಸಿದಾಗ ಜೊತೆಗೆ ನಾನೂ ಬಂದೆ. ಹೊರಡುವಾಗ ಅವಳ ಗೆಳತಿಯರು, ಯಾರು ಏನು ಕೊಟ್ಟರೂ ತಿನ್ನಬೇಡ ಎಂದಿದ್ದರು. ಪೆಟ್ಟಿಗೆಯೊಳಗಿದ್ದ ನಾನು ತಲೆದೂಗಿದೆ.

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವಳು ಹಂಪಮ್ಮ. ಕ್ಯಾಂಟೀನಿನ ಅಡುಗೆಯವರ ಹೆಂಡತಿ. ಬೆಳಗಾದರೆ ನಗು, ಸಂಜೆಯಾದರೆ ಬಾಗಿಲಲ್ಲಿ ಕೂತು ಕೈಸನ್ನೆಯ ಹರಟೆ. ಆ ಊರಿನಲ್ಲಿ ಯಾಲಿಂಗಳಿಗೆ ಇದ್ದ ಮನುಷ್ಯ ಸಂಬಂಧ ಅದೊಂದೇ. ಇಷ್ಟು ನಗುವವಳಿಗೆ ಏನೋ ಬೇಕಾಗಿರಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ತಮ್ಮ ದೇಶದ ಹಬ್ಬದ ದಿನ ಯಾಲಿಂಗ್ ಕಡುಬಿನಂಥದ್ದು ಬೇಯಿಸಿ ಹಂಪಮ್ಮನಿಗೆ ಡಬ್ಬಿಯಲ್ಲಿ ಕೊಟ್ಟಳು. ಮಾರನೆಯ ದಿನ ಡಬ್ಬಿ ವಾಪಸು ಬಂತು. ತಳದಲ್ಲಿ ಬಿಳಿ ಪುಡಿ. ಯಾಲಿಂಗ್ ಮೂಸಿದಳು, ಬೆರಳಿನಿಂದ ಮುಟ್ಟಿದಳು. ಸಕ್ಕರೆಯಂತೆಯೇ ಇತ್ತು, ಆದರೆ ಹೇಳದೆ ಕೇಳದೆ ಯಾರಾದರೂ ಡಬ್ಬಿಗೆ ಸಕ್ಕರೆ ಸುರಿಯುತ್ತಾರೆಯೇ? ಅದನ್ನು ನಲ್ಲಿಯ ಕೆಳಗೆ ಹಿಡಿದುಬಿಟ್ಟಳು. ಒಳ್ಳೆಯದಾಯಿತು ಅಂದುಕೊಂಡೆ.

ಆಮೇಲೆ ಹಂಪಮ್ಮನ ಡಬ್ಬಿಯಲ್ಲಿ ಚಿತ್ರಾನ್ನ ಬಂತು, ಇನ್ನೊಮ್ಮೆ ಹೋಳಿಗೆ ಬಂತು. ಗೆಳತಿಯರ ಮಾತು ಮರೆತು ಯಾಲಿಂಗ್ ಅಷ್ಟನ್ನೂ ತಿಂದಳು. ಡಬ್ಬಿಯನ್ನು ಥಳಥಳ ಉಜ್ಜಿ, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದಳು. ಅವಳ ಪ್ರಕಾರ ಮರ್ಯಾದೆ ಎಂದರೆ ಅದೇ. ಆದರೆ ಪ್ರತಿ ಸಲ ಮುಚ್ಚಳ ತೆಗೆದಾಗ ಹಂಪಮ್ಮನ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಆ ಬಾಗಿಲು ಮುಚ್ಚಿಯೇ ಇರತೊಡಗಿತು. ಹೆರಿಗೆಗೆ ಬಂದಿದ್ದ ಮಗಳು ಕೊಟ್ರಮ್ಮ ಮಾತ್ರ ಒಮ್ಮೆ ಎದುರು ಸಿಕ್ಕಾಗ, "ಎಂಪ್ಟಿ, ಎವೆರಿ ಟೈಮ್ ಎಂಪ್ಟಿ" ಎಂದು ಸಿಟ್ಟಿನಿಂದ ಹೇಳಿ ಒಳಹೋದಳು.

ಯಾಲಿಂಗ್ ಮನೆಗೆ ಬಂದು ನನ್ನನ್ನು ಬಿಡಿಸಿದಳು. ಎಂಪ್ಟಿ: ಒಳಗೆ ಏನೂ ಇಲ್ಲದ. ಪೆಟ್ಟಿಗೆ, ಮನೆ, ರಸ್ತೆಗಳಿಗೆ ಬಳಸಬಹುದು. ಪುರುಸೊತ್ತು ಇದೆ ಎನ್ನಲು ಬಳಸಬಾರದು. 'ಭಾನುವಾರ ನಾನು ಎಂಪ್ಟಿ' ತಪ್ಪು. ಚೀನಿಯಲ್ಲಿ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಅವರು ಎಡವುವುದು ಅಲ್ಲೇ. ಎಲ್ಲ ಸರಿಯಾಗಿಯೇ ಬರೆದಿದ್ದೆ. ಆದರೆ ಆ ಪದಕ್ಕೆ ಒಬ್ಬಳು ಯಾಕೆ ಸಿಟ್ಟಾಗಬೇಕು ಎನ್ನುವುದು ನನ್ನಲ್ಲಿ ಇರಲಿಲ್ಲ. ಯಾಲಿಂಗ್ ಪುಟವನ್ನು ಮತ್ತೆ ಮತ್ತೆ ಓದಿ, ನನ್ನನ್ನೇ ಅನುಮಾನದಿಂದ ನೋಡಿದಳು. ನನಗೆ ಬಹಳ ಅವಮಾನವಾಯಿತು.

ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಿ ಬಾಗಿಲು ತಟ್ಟಿದಳು. ತೆಗೆಯುವುದಿಲ್ಲ ಅಂದುಕೊಂಡಿದ್ದೆ. ಹಂಪಮ್ಮ ತೆಗೆದಳು. ಯಾಲಿಂಗ್ ಪುಟದ ಮೇಲೆ ಬೆರಳಿಟ್ಟು, ತನ್ನ ಹರಕು ಇಂಗ್ಲಿಷಿನಲ್ಲಿ, ನಾನೇನು ತಪ್ಪು ಮಾಡಿದೆ ಎಂದಳು.

"ಖಾಲಿ ಡಬ್ಬಿ ಹಂಗ ವಾಪಸ್ ಕೊಡಬಾರದವ್ವ," ಅಂದಳು ಹಂಪಮ್ಮ. "ಒಂದ್ ಚಿಟಿಕಿ ಸಕ್ಕರಿ ಆದ್ರೂ ಹಾಕಬೇಕು. ಬಸುರಿ ಮಗಳು ಇರೋ ಮನಿಗೆ ನೀನು ಬರಿದು ಕೊಟ್ಟಿ. ನನ್ನ ಹೊಟ್ಟಿ ಉರಿದುಹೋತು."

ಅವಳ ಹಿಂದೆ ಬಂದು ನಿಂತಿದ್ದ ಕೊಟ್ರಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಯಾಲಿಂಗ್ ಕೆಂಪಾದಳು. ಸಕ್ಕರೆಯನ್ನು ನಲ್ಲಿಗೆ ಹಿಡಿದದ್ದನ್ನು ಮುಚ್ಚಿಡದೆ ಹೇಳಿದಳು. ಹಂಪಮ್ಮ ಗಲ್ಲದ ಮೇಲೆ ಕೈಯಿಟ್ಟು, "ವಿಷ ಅಂದ್ಕೊಂಡ್ಯಾ?" ಎಂದಳು. ಆಮೇಲೆ ಅವಳನ್ನು ಒಳಗೆ ಕರೆದು ಕೂರಿಸಿದಳು. ಅಂದಿನಿಂದ ಡಬ್ಬಿಗಳು ಎಂದೂ ಖಾಲಿಯಾಗಿ ತಿರುಗಲಿಲ್ಲ.

ಯಾಲಿಂಗ್ ತನ್ನ ಊರಿಗೆ ಹೊರಟ ದಿನ ಹಂಪಮ್ಮನ ಡಬ್ಬಿಯೊಂದು ಅವಳಲ್ಲೇ ಉಳಿದಿತ್ತು. ಸಾಮಾನೆಲ್ಲ ಲಾರಿಗೆ ಹೋಗಿತ್ತು. ಮನೆಯಲ್ಲಿ ಒಂದು ಹರಳು ಸಕ್ಕರೆಯಿಲ್ಲ, ಒಂದು ಕಾಳು ಅಕ್ಕಿಯಿಲ್ಲ. ಕೈಚೀಲದಲ್ಲಿ ನಾನಿದ್ದೆ. ಒಂದು ಗಳಿಗೆ ನನ್ನನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

ಹಾಗೆ ನಾನು ಹಂಪಮ್ಮನ ಈ ಅಡುಗೆಮನೆಯ ಗೂಡಿಗೆ ಬಂದೆ. ಇಲ್ಲಿ ನನ್ನನ್ನು ಓದಬಲ್ಲವರು ಯಾರೂ ಇಲ್ಲ. ಬೆನ್ನಿನ ಹೊಲಿಗೆ ಬಿಟ್ಟಿದೆ, ಹಾಳೆಗೆಲ್ಲ ಒಗ್ಗರಣೆಯ ಘಾಟು. ರದ್ದಿಯವನ ಕೂಗು ಕೇಳಿದಾಗಲೆಲ್ಲ ಇವತ್ತು ನನ್ನ ಕಥೆ ಮುಗಿಯಿತು ಎಂದು ಇವತ್ತಿಗೂ ಅನುಮಾನ. ಮೊನ್ನೆ ಅವನು ಗೂಡಿನತ್ತ ಕೈ ತೋರಿಸಿ, ಅದನ್ನೂ ಹಾಕಲೇ ಎಂದು ಕೇಳಿಯೇಬಿಟ್ಟ.

"ಅದನ್ನ ಮುಟ್ಟಬ್ಯಾಡ," ಅಂದಳು ಹಂಪಮ್ಮ. "ಅದು ಡಬ್ಬಿಯೊಳಗ ಬಂದಿದ್ದು."