ಬಾಯೊಳಗೇ ಊರುವ ಮದ್ದು

ಬಾಯೊಳಗೇ ಊರುವ ಮದ್ದನ್ನು ಕರವಸ್ತ್ರಕ್ಕೆ ಉಗುಳಿ ಕಳೆಯುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರು — ಇಗೋ, ಮತ್ತೆ ಅದೇ ಸದ್ದು, ಅಂಗಳದ ಕಿತ್ತಳೆ ಗಿಡದಡಿ ನನ್ನ ಗಂಡ ದ್ರಿಸ್ ನೀಲಿ ಕಸೂತಿಯ ಕರವಸ್ತ್ರವನ್ನು ತುಟಿಗೊತ್ತುತ್ತಾರೆ, ಮಡಿಸುತ್ತಾರೆ, ಮತ್ತೆ ಚರ್ಮದ ಚಪ್ಪಲಿಗೆ ಹೊಲಿಗೆ ಹಾಕುತ್ತಾರೆ, ಒಲೆಯ ಮೇಲೆ ಹರೀರಾ ಸಾರು ಕುದಿಯುತ್ತಿದೆ, ರಂಜಾನಿನ ಉಪವಾಸ, ಸೂರ್ಯ ಮುಳುಗುವವರೆಗೆ ರುಚಿ ನೋಡುವಂತಿಲ್ಲ, ಕಡಲೆಯನ್ನು ಬೆರಳಲ್ಲಿ ಹಿಚುಕಿ ನೋಡುತ್ತೇನೆ, ಬೆಂದಿದೆ, ಮನುಷ್ಯ ಮಾತ್ರ ಬೇಯುವುದಿಲ್ಲ — ಕಳೆದ ಚಳಿಗಾಲ ಕರುಳಿನ ಹುಣ್ಣು ರಕ್ತ ಸುರಿಸಿದಾಗ ಆಸ್ಪತ್ರೆಯಲ್ಲಿ ಆ ಮುಖ ಸುಣ್ಣದ ಗೋಡೆಯಂತಿತ್ತು, ಈಗ ಹುಣ್ಣು ಮಾಯ್ದಿದೆ, ಉಪವಾಸ ಮಾಡಬಹುದು, ಆದರೆ ಹೊಸ ಪೊರೆ ಇನ್ನೂ ಎಳೆಯದು ಎಂದಿದ್ದಾರೆ ವೈದ್ಯೆ, ನಿನ್ನೆಯಿಂದ ಇವರ ಅಂಗೈ ಹೊಟ್ಟೆಯ ಮೇಲಿದೆ, ಏನ್ರೀ ಅದು, ಏನಿಲ್ಲ ಮಾರಾಯ್ತಿ, ಬೆಲ್ಟು ಬಿಗಿಯಾಯ್ತು, ಈ ಜೆಲ್ಲಾಬಾ ನಿಲುವಂಗಿಗೆ ಬೆಲ್ಟೆಲ್ಲಿದೆ ರೀ! ನಾಳೆ ಬೆಳಗಾಗುತ್ತಲೇ ವೈದ್ಯೆಯ ಬಳಿಗೆ ಹೋಗಲು ಒಪ್ಪಿದರು, ಒಪ್ಪಿ, ಮತ್ತೆ ಉಗುಳಿದರು. ಎಷ್ಟು ತರಗತಿಗಳಿಗೆ ಬೋಧಿಸಿದ್ದೇನೆ, ಲಾಲಾರಸದಲ್ಲಿ ಕಣ್ಣಿಗೆ ಕಾಣದ ಒಂದು ಬೆಳವಣಿಗೆಯ ಅಂಶವಿದೆ, ನುಂಗಿದ ಪ್ರತಿ ಗುಟುಕಿನೊಡನೆ ಅದು ಕೆಳಗಿಳಿದು, ಸವೆದ ಪೊರೆಗೆ ಹೊಸ ಜೀವಕೋಶಗಳನ್ನು ಕಟ್ಟಿಕೊಳ್ಳೆಂದು ಹೇಳುತ್ತದೆ, ಅನ್ನವಿಲ್ಲದ ಹೊತ್ತಿನಲ್ಲಿ ಆ ಪೊರೆ ತೆಳುವಾಗುತ್ತದೆ, ಕಾವಲು ಆಗಲೇ ಹೆಚ್ಚು ಬೇಕು — ಏನಮ್ಮಾ ಟೀಚರಮ್ಮಾ, ನಿವೃತ್ತಿ ಆದ್ಮೇಲೆ ನನ್ನ ಕರುಳೇ ನಿನ್ನ ಕ್ಲಾಸಾ — ಮಸೀದಿಯ ಗುರುಗಳೇ ನಕ್ಕಿದ್ದರು, ಸ್ವಂತ ಉಗುಳು ನುಂಗಿದ್ರೆ ರೋಜಾ ಮುರಿಯಲ್ಲ ದ್ರಿಸ್ ಸಾಹೇಬ್ರೇ, ಮುರಿಯೋದಾಗಿದ್ರೆ ಇಡೀ ಫೆಜ್ ಊರಲ್ಲಿ ಒಬ್ಬನ ರೋಜಾನೂ ಉಳೀತಿರಲಿಲ್ಲ, ಇವರು ವಿನಯದಿಂದ ತಲೆಬಾಗಿದರು, ಮನೆಗೆ ಬಂದು ಉಗುಳಿದರು. ಶಾಸ್ತ್ರವೂ ಒಪ್ಪದ, ವಿಜ್ಞಾನವೂ ಒಪ್ಪದ ಈ ಹಟವನ್ನು ಭಕ್ತಿಯೆನ್ನಲು ನನ್ನ ನಾಲಿಗೆ ಏಳದು, ಆದರೂ ಬೈಯಲಾರೆ, ಬಾಲ್ಯದಲ್ಲಿ ಇವರ ಮೊದಲ ರೋಜಾದ ದಿನ ಈ ಕರವಸ್ತ್ರವನ್ನು ಕೈಗಿತ್ತವರು ಅತ್ತೆ ಲಲ್ಲಾ ತಾಮು, ಬಾಯಿಗೆ ಏನೇ ಬಂದ್ರೂ ಇದಕ್ಕೆ ಹಾಕು ಕಂದಾ, ನನ್ನ ಮಗನ ರೋಜಾ ಕಳ್ಳರೋಜಾ ಆಗಬಾರದು, ಗಡ್ಡ ನರೆತರೂ ಆ ಮಗ ಇನ್ನೂ ಅಮ್ಮನ ಮಾತು ಮೀರಿಲ್ಲ — ಹಾ! ಇವರಿಗೆ ಸೂಜಿ ಚುಚ್ಚಿತು, ಬೆರಳು ತಾನಾಗಿ ಬಾಯಿಗೆ ಹೊರಟು ತುಟಿಯ ಬಳಿ ನಿಂತಿತು, ಕರವಸ್ತ್ರಕ್ಕೆ ಸರಿಯಿತು, ನೀಲಿ ಕಸೂತಿಯ ಮೇಲೆ ಕೆಂಪು ಚುಕ್ಕೆ, ಆ ಚಳಿಗಾಲದ ಕೆಂಪು, ನಾನು ಸೌಟು ಬಿಟ್ಟು ಹೊಸಿಲಿಗೆ ಬಂದೆ, ಚಿಕ್ಕವರಿದ್ದಾಗ ಸೂಜಿ ಚುಚ್ಚಿದ್ರೆ ಅತ್ತೆ ಏನ್ ಮಾಡ್ತಿದ್ರು ರೀ, ನಕ್ಕರು, ಇನ್ನೇನು, ತನ್ನ ಬೆರಳಿಗೆ ಎಂಜಲು ತಗೊಂಡು ಹಚ್ತಿದ್ಲು, ಅದೇ ಮದ್ದು. ರಂಜಾನಲ್ಲೂನಾ, ಎಂದೆ. ಹೊಲಿಗೆ ನಿಂತಿತು. ಹೂಂ, ರಂಜಾನಲ್ಲೂ. ಹಾಗಾದ್ರೆ ಅವರು ಉಗುಳಿರಲಿಲ್ಲ, ನಿಮಗೆ ಬೇಕಾದೀತು ಅಂತ ಬಾಯಲ್ಲೇ ಇಟ್ಕೊಂಡಿದ್ರು — ಕಣ್ಣು ತೇವ, ಕೆನ್ನೆ ಮೆಲ್ಲನೆ ತುಂಬಿಕೊಳ್ಳುತ್ತಿದೆ, ಕೈ ಅಭ್ಯಾಸದಂತೆ ಮೇಲೇಳುತ್ತಿದೆ, ಏಳುತ್ತಿದೆ, ಎದೆಯ ಮಟ್ಟದಲ್ಲಿ ನಿಂತಿದೆ, ನೀಲಿ ಕಸೂತಿ, ಕೆಂಪು ಚುಕ್ಕೆ, ಗಾಳಿಯಲ್ಲಿ ನಿಂತ ಕರವಸ್ತ್ರ, ಅಲ್ಲೇ ನಿಂತ ಕರವಸ್ತ್ರ — ಸಂಜೆ ರೋಜಾ ಬಿಡಿಸುವ ತೋಪು ಹಾರುವವರೆಗೂ ಕಾಯಬೇಡಿ, ಇಳಿಸಿ ಆ ಕೈಯನ್ನು, ನುಂಗಿ.