ನವೆಂಬರಿನಲ್ಲೇ ಬಂದ ಹೊಸ ವರ್ಷ

ಬೆಳಿಗ್ಗೆ ಟೀವಿ ಸ್ಟುಡಿಯೋಗೆ ಹೋದರೆ ಒಬ್ಬರಾದರೂ ನನ್ನ ಕೆನ್ನೆಗೆ ಕೆನ್ನೆ ತಾಗಿಸಲಿಲ್ಲ. ನಮ್ಮ ಪ್ಯಾರಿಸ್ಸಿನಲ್ಲಿ ಹಿಂದಿನ ದಿನ ಕಚ್ಚಾಡಿದವರೂ ಬೆಳಗಿನ ಈ ಮುತ್ತು ತಪ್ಪಿಸುವವರಲ್ಲ. ಸರಿ, ಇವರ ಕಣ್ಣಿಗೆ ಕಳ್ಳಿ ನಾನೇ ಎಂದು ಗೊತ್ತಾಯಿತು.

ಆಗಿದ್ದಿಷ್ಟು. ಡಿಸೆಂಬರ್ ಮೂವತ್ತೊಂದರ ರಾತ್ರಿ ಸ್ಟುಡಿಯೋದ ಮೇಕಪ್ ಕೋಣೆಯ ಕಪಾಟಿನಿಂದ ಒಬ್ಬ ಗಾಯಕಿಯ ವಜ್ರದ ಹಾರ ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಬಣ್ಣ ಹಚ್ಚುವ ನನ್ನ ಹತ್ತಿರ, ಮತ್ತೆ ನಿರೂಪಕ ಗಾಯೆತಾನ್ ಹತ್ತಿರ. ಅವನನ್ನು ಯಾರು ಅನುಮಾನಿಸುತ್ತಾರೆ? ಆ ರಾತ್ರಿ ಅವನು ದೂರದ ಲುವಾರ್ ನದಿ ತೀರದ ಅರಮನೆಯಿಂದ ನೇರಪ್ರಸಾರದಲ್ಲಿ ಹಲ್ಲು ಕಿರಿಯುತ್ತಿದ್ದುದನ್ನು ದೇಶವೇ ನೋಡಿತ್ತು.

ನೇರಪ್ರಸಾರವಂತೆ, ನೇರಪ್ರಸಾರ! ಆ ಹೊಸ ವರ್ಷವನ್ನು ನಾವು ನವೆಂಬರಿನಲ್ಲೇ ಚಿತ್ರೀಕರಿಸಿ ಮುಗಿಸಿದ್ದೆವು. ಪ್ರತಿ ವರ್ಷವೂ ಹಾಗೇ. ಬಾಯಿ ಬಿಟ್ಟವರಿಗೆ ಮಾರನೆಯ ದಿನ ಕೆಲಸವಿಲ್ಲ.

ಪೊಲೀಸ್ ಕ್ಯಾಪ್ಟನ್ ಬೆರ್ತೊಲೋನ್ ಎಂಬಾಕೆ ವಿಚಾರಣೆಗೆ ಬಂದಾಗ ನಾನು ಗಾಯೆತಾನ್ ಮುಖಕ್ಕೆ ಬಣ್ಣ ಹಚ್ಚುತ್ತಿದ್ದೆ. ನಿರ್ಮಾಪಕಿ ಎದ್ವಿಜ್ ಬಾಗಿಲಿಗೆ ಒರಗಿ ನಿಂತಿದ್ದಳು.

“ಅರಮನೇಲಿ ಇವ್ರಿಗೆ ಬಣ್ಣ ಹಚ್ಚಿದ್ದು ಯಾರು?” ಕ್ಯಾಪ್ಟನ್ ಕೇಳಿದಳು.

“ಬೇರೆಯವ್ರು,” ಎಂದಳು ಎದ್ವಿಜ್, ನನ್ನ ಕಡೆ ಕೈ ತೋರಿಸಿ. “ಹುಷಾರಿಲ್ಲ ಅಂತ ಸೊಲೆನ್ ಅವತ್ತು ಬಂದಿರ್ಲಿಲ್ಲ.”

ಎಲಾ ಇವಳಾ! ನಿಂತ ನಿಲುವಿನಲ್ಲೇ ಎಂಥ ಸುಳ್ಳು! ನವೆಂಬರಿನಲ್ಲಿ ಆ ಅರಮನೆಯಲ್ಲಿ ಅವನಿಗೆ ಬಣ್ಣ ಹಚ್ಚಿದವಳು ನಾನೇ.

“ಮೂವತ್ತೊಂದರ ರಾತ್ರಿ ಮನೇಲಿದ್ದೆ ಮದಾಮ್,” ಎಂದೆ. “ಒಬ್ಳೇ ಕೂತು ಟೀವಿ ನೋಡ್ತಿದ್ದೆ.”

“ಅಯ್ಯೋ ಪಾಪ, ಒಬ್ಳೇನಾ!” ಗಾಯೆತಾನ್ ಲೊಚಗುಟ್ಟಿದ. “ಹಾಗಾದ್ರೆ ನಿನ್ನ ನೋಡಿದೋರು ಯಾರೂ ಇಲ್ವಲ್ಲೇ.”

ಮೈಯೆಲ್ಲ ಉರಿದುಹೋಯಿತು. ಕೆಲಸ ಹೋದರೆ ಹೋಗಲಿ, ಇವನ ಬದಲು ನಾನೇಕೆ ಜೈಲಿಗೆ ಹೋಗಲಿ?

“ಮದಾಮ್, ಅದು ನೇರಪ್ರಸಾರ ಅಲ್ಲ, ನವೆಂಬರಲ್ಲೇ ತೆಗೆದಿದ್ದು. ಆ ರಾತ್ರಿ ಇವ್ನು ಎಲ್ಲಿದ್ನೋ ಯಾರಿಗ್ಗೊತ್ತು?”

“ಶುದ್ಧ ಸುಳ್ಳು!” ಎದ್ವಿಜ್ ಚೀರಿದಳು. ದೀಪ ಹಿಡಿಯುವವನು, ಮೈಕು ನೋಡಿಕೊಳ್ಳುವವನು, ಕೂದಲು ಬಾಚುವವಳು, ಬಾಗಿಲಲ್ಲಿ ಇಣುಕುತ್ತಿದ್ದವರೆಲ್ಲ ಹೌದೌದು, ನೇರಪ್ರಸಾರವೇ ಎಂದರು. ಇಷ್ಟು ವರ್ಷ ನನ್ನ ಜೊತೆ ಒಂದೇ ಮೇಜಿನಲ್ಲಿ ಉಂಡವರು!

ಕ್ಯಾಪ್ಟನ್ ನಿಧಾನವಾಗಿ ಎಲ್ಲರ ಮುಖ ನೋಡಿದಳು.

“ಅವತ್ತು ಟೀವೀಲಿ ನಮ್ಮಮ್ಮ ಪ್ರೇಕ್ಷಕರ ಮೂರನೇ ಸಾಲಲ್ಲಿ ಕೂತು ಚಪ್ಪಾಳೆ ಹೊಡೀತಿದ್ರು. ಅದೇ ಹೊತ್ತಿಗೆ ನಮ್ಮನೇಲಿ ನನ್ನ ಪಕ್ಕದಲ್ಲೂ ಕೂತು ಬಾತುಕೋಳಿ ತಿಂತಿದ್ರು. ‘ಯಾರಿಗೂ ಹೇಳ್ಬೇಡ ಕಣೇ, ಟೀವಿಯೋರು ಆಣೆ ಹಾಕಿಸ್ಕೊಂಡಿದಾರೆ’ ಅಂದ್ರು.” ಅವಳು ಗಾಯೆತಾನ್ ಕಡೆ ತಿರುಗಿದಳು. “ಇಲ್ಲಿ ಒಬ್ರಾದ್ರೂ ನಿಜ ಹೇಳ್ತಾರಾ ಅಂತ ಕಾಯ್ತಿದ್ದೆ. ಈಗ ನೀವು ಹೇಳಿ ಮೊಸ್ಯು, ಆ ರಾತ್ರಿ ಎಲ್ಲಿದ್ರಿ?”

ಅವನ ಹಣೆಯ ಬೆವರಿಗೆ ಬಣ್ಣ ಕರಗಿ ಕೊರಳಪಟ್ಟಿಗೆ ಇಳಿಯಿತು. “ಸೊಲೆನ್, ಒರೆಸೇ,” ಎಂದು ಪಿಸುಗುಟ್ಟಿದ.

ನಾನು ಸ್ಪಂಜನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತೆ. ಬೇಕಾದರೆ ಅವನೇ ಒರೆಸಿಕೊಳ್ಳಲಿ.